ಕೈದೀಪಕ್ಕೆ ತಕ್ಕ ಡಯೋಡು



ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕಿಯರು ನನ್ನನ್ನು ಕೇಳಿಕೊಂಡಾಗ, ನಾನು ಇತಿಹಾಸವನ್ನೋ ಗೃಹಕೃತ್ಯವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನಾದರೋ ಭತ್ತದ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ, ಒಂದೆರಡು ರೂಪಾಯಿಗೆ ದೊರೆಯುವ ಒಂದು ವಸ್ತುವನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಡಯೋಡು. ಮನೆಯಲ್ಲಿಯೇ ಮಾಡಿಕೊಳ್ಳುವ ಕೈದೀಪಕ್ಕೆ, ಅಂದರೆ ನಮ್ಮ ಕಡೆಯವರು ಬ್ಯಾಟರಿ ಎಂದೂ ಟಾರ್ಚು ಎಂದೂ ಕರೆಯುವ ದೀಪಕ್ಕೆ, ಕಡಿಮೆ ಬೆಲೆಯಲ್ಲಿ ಯಾವ ಡಯೋಡನ್ನು ಕೊಳ್ಳಬೇಕೆಂಬುದೇ ಈ ಪಾಠದ ವಿಷಯವು. ಇದನ್ನು ಆರಿಸಿಕೊಂಡುದಕ್ಕೆ ಕಾರಣವು ನಾನೇ ಮಾಡಿದ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಕಂಪ್ಲಿಯ ಕಡೆಯ ರೈತರ ಮಗಳು, ವಿಜ್ಞಾನ ಪ್ರದರ್ಶನಕ್ಕೆಂದು ಒಂದೇ ಸೆಲ್ಲಿನಿಂದ ಉರಿಯುವ ಕೈದೀಪವನ್ನು ಮಾಡಿದಳು. ದೀಪವು ಚೆನ್ನಾಗಿ ಬೆಳಗಿತು, ನೋಡಿದವರೆಲ್ಲರೂ ಮೆಚ್ಚಿಕೊಂಡರು. ಪ್ರದರ್ಶನವು ಮುಗಿದ ಮೇಲೆ ಅವಳು ಅದನ್ನು ಊರಿಗೆ ಒಯ್ದು ತಂದೆಗೆ ಕೊಟ್ಟಳು. ಪಂಪುಸೆಟ್ಟಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ಎಷ್ಟೋ ವೇಳೆ ರಾತ್ರಿಯ ಸರದಿಯಲ್ಲಿ ಬರುವುದರಿಂದ, ಗದ್ದೆಗೆ ನೀರು ಹಾಯಿಸುವವರು ಸರಿರಾತ್ರಿಯಲ್ಲಿ ಬದುವಿನ ಮೇಲೆ ನಡೆದುಹೋಗಬೇಕಾಗುತ್ತದೆ. ಭತ್ತದ ಗದ್ದೆಯಲ್ಲಿ ಇಲಿಯ ಬಿಲವಿರುವಲ್ಲಿ ಹಾವೂ ಇರುವುದೆಂಬುದನ್ನು ನಿಮಗೆ ಹೇಳಬೇಕಾದುದಿಲ್ಲ. ಹೊಳೆಯ ದಂಡೆಯವರಿಗಂತೂ ಇನ್ನೊಂದು ಭಯವುಂಟು. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದುದು ನಮ್ಮೆಲ್ಲರ ನೆನಪಿನಲ್ಲಿದೆ. ಹೊಳೆಯ ಕೆಳಗಿನ ಊರುಗಳಲ್ಲಿ ಕೈಯಲ್ಲೊಂದು ನಂಬಿಕೆಯ ದೀಪವಿರುವುದು ಎಷ್ಟು ಅಗತ್ಯವೆಂಬುದು ಅಂತಹ ರಾತ್ರಿಗಳಲ್ಲಿ ತಿಳಿಯುತ್ತದೆ.

ಸ್ವಲ್ಪ ದಿನಗಳ ತರುವಾಯ ಆ ತಂದೆಯು ಮಗಳನ್ನು ನೋಡಲು ವಸತಿಗೃಹಕ್ಕೆ ಬಂದಾಗ ದೀಪವನ್ನೂ ತಂದಿದ್ದರು. “ಬೆಳಕು ಬೇಸಿತ್ರಿ ಅಕ್ಕೋರೆ, ಆದ್ರ ನಾಕು ರಾತ್ರಿಗೆ ಸೆಲ್ಲು ಖಾಲಿ ಆತು. ಬದುವಿನ ಮ್ಯಾಲೆ ನಿಂತಾಗ ಫಕ್ಕನೆ ಆರಿಹೋತು,” ಎಂದರು. ದೂರುವ ಧ್ವನಿಯು ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಹುಡುಗಿಯು ಮಾತ್ರ ತಲೆ ತಗ್ಗಿಸಿ ನಿಂತಿದ್ದಳು.

ಅವರು ಹೋದ ಮೇಲೆ ನಾವಿಬ್ಬರೂ ದೀಪವನ್ನು ಬಿಚ್ಚಿದೆವು. ಖಾಲಿಯಾಯಿತೆಂದ ಸೆಲ್ಲನ್ನು ಮೀಟರಿನಿಂದ ಅಳೆದರೆ 1.3 ವೋಲ್ಟು ತೋರಿಸಿತು! ಅದನ್ನೇ ಸಿಬ್ಬಂದಿಯ ಕೋಣೆಯ ಗೋಡೆಗಡಿಯಾರಕ್ಕೆ ಹಾಕಿದೆವು, ಗಡಿಯಾರವು ಓಡತೊಡಗಿತು. ಸೆಲ್ಲು ಸತ್ತಿರಲಿಲ್ಲ, ದೀಪವೇ ಅದನ್ನು ಉಪಯೋಗಿಸಿಕೊಳ್ಳಲಾರದೆ ಹೋಗಿತ್ತು. ಒಳಗೆ ಎರಡು ಡಯೋಡುಗಳಿದ್ದುವು. ಎರಡೂ ನಾನು ಕೊಟ್ಟವು. ಪ್ರಯೋಗಶಾಲೆಯ ಡಬ್ಬಿಯಲ್ಲಿ ಅವೇ ತುಂಬಿದ್ದುದರಿಂದ ಕೊಟ್ಟಿದ್ದೆನು. ಆ ಎರಡರಲ್ಲಿ ಒಂದು ಅಲ್ಲಿ ಇರಲೇಬಾರದಾಗಿತ್ತು. ಇನ್ನೊಂದು ಬೇರೆ ಜಾತಿಯದಾಗಿರಬೇಕಿತ್ತು.

ಇದು ತಿಳಿಯಬೇಕಾದರೆ ದೀಪದ ರಚನೆಯನ್ನು ಸ್ವಲ್ಪ ನೋಡಬೇಕು. ಹಿಂದಿನ ಟಾರ್ಚಿನ ಬುರುಡೆಯೊಳಗೆ ತಂತಿಯಿತ್ತು. ಅದಕ್ಕೆ ಎಷ್ಟು ವೋಲ್ಟು ಕೊಟ್ಟರೂ ಅಷ್ಟಕ್ಕೆ ತಕ್ಕಂತೆ ಕೆಂಪಗೋ ಬಿಳಿಯಾಗಿಯೋ ಉರಿಯುತ್ತಿತ್ತು. ಈಗಿನ ಎಲ್.ಇ.ಡಿ.ಯ ಸ್ವಭಾವವು ಹಾಗಲ್ಲ. ಬಿಳಿಯ ಎಲ್.ಇ.ಡಿ.ಗೆ ಸುಮಾರು 3 ವೋಲ್ಟು ದೊರೆಯುವ ತನಕ ಅದು ಕಣ್ಣು ತೆರೆಯುವುದೇ ಇಲ್ಲ. (ನೀಲಿ ಬೆಳಕಿನ ಎಲ್.ಇ.ಡಿ.ಯನ್ನು ಸಾಧಿಸಿ, ಅದರ ಮೂಲಕ ಬಿಳಿಯ ಬೆಳಕಿಗೆ ದಾರಿ ಮಾಡಿಕೊಟ್ಟ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.) ಒಂದು ಸೆಲ್ಲು ಹೊಸದಾಗಿರುವಾಗಲೂ ಒಂದೂವರೆ ವೋಲ್ಟನ್ನೇ ಕೊಡುವುದು. ಆದುದರಿಂದ ಒಂದೇ ಸೆಲ್ಲಿನ ದೀಪಕ್ಕೆ ವೋಲ್ಟನ್ನು ಏರಿಸುವ ಒಂದು ಚಿಕ್ಕ ಮಂಡಲವು ಬೇಕಾಗುತ್ತದೆ. ಇದನ್ನು ಡ್ರೈವರ್ ಎನ್ನುತ್ತಾರೆ.

ಮೂರು ಸೆಲ್ಲುಗಳನ್ನು ಜೋಡಿಸಿ, 68 ಓಮಿನ ಒಂದು ರೆಸಿಸ್ಟರನ್ನು ಇಟ್ಟರೆ ಡ್ರೈವರಿಲ್ಲದೆಯೇ 20 ಮಿಲಿಆಂಪಿಯರಿನಲ್ಲಿ ಎಲ್.ಇ.ಡಿ. ಉರಿಯುವುದಲ್ಲವೇ ಎಂದು ನೀವು ಕೇಳಬಹುದು. ನಿಶ್ಚಯವಾಗಿ ಉರಿಯುವುದು. ಭಾರವನ್ನೂ ಮೂರು ಸೆಲ್ಲುಗಳ ಬೆಲೆಯನ್ನೂ ಲೆಕ್ಕಿಸದವರು ಹಾಗೆಯೇ ಮಾಡಲಿ. ಅದರಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಒಂದೊಂದು ಸೆಲ್ಲೂ 1 ವೋಲ್ಟಿಗೆ ಇಳಿಯುವಷ್ಟರಲ್ಲಿ ಆ ದೀಪವು ನಂದಿಹೋಗುತ್ತದೆ. ಏರಿಸುವ ಮಂಡಲವಾದರೋ ಒಂದೇ ಸೆಲ್ಲನ್ನು ಅದಕ್ಕಿಂತಲೂ ಕೆಳಗಿನವರೆಗೆ ಹೀರಬಲ್ಲದು. 1999ನೆಯ ನವೆಂಬರಿನಲ್ಲಿ ಇಂಗ್ಲೆಂಡಿನ ‘ಎವರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಎಂಬ ಪತ್ರಿಕೆಯಲ್ಲಿ ಕಪಾರ್ನಿಕ್ ಎಂಬವರು ಇಂತಹ ಒಂದು ಸುಲಭವಾದ ಮಂಡಲವನ್ನು ಪ್ರಕಟಿಸಿದರು. ಮುಂದೆ ಅದು ‘ಜೂಲ್ ಥೀಫ್’, ಅಂದರೆ ಜೂಲುಗಳ ಕಳ್ಳ, ಎಂಬ ಹೆಸರಿನಿಂದ ಲೋಕದಲ್ಲೆಲ್ಲ ಹರಡಿತು. ಒಂದು ಫೆರೈಟ್ ಉಂಗುರ, ಅದರ ಮೇಲೆ ಎರಡು ಸುತ್ತಿನ ತಂತಿ, ಒಂದು ಟ್ರಾನ್ಸಿಸ್ಟರು, ಒಂದು ಸಾವಿರ ಓಮಿನ ಒಂದು ರೆಸಿಸ್ಟರು, ಇಷ್ಟೇ ಸಾಮಗ್ರಿ.

ಅದು ಕೆಲಸ ಮಾಡುವ ಕ್ರಮವು ಹೇಗೆಂದರೆ: ನಲ್ಲಿಯಲ್ಲಿ ನೀರು ಜೋರಾಗಿ ಹರಿಯುತ್ತಿರುವಾಗ ಫಕ್ಕನೆ ತಿರುಗಿಸಿ ಮುಚ್ಚಿದರೆ ಕೊಳವೆಯು ಧಡ್ ಎಂದು ಬಡಿದುಕೊಳ್ಳುವುದನ್ನು ನೀವು ಕೇಳಿದ್ದೀರಷ್ಟೆ. ಹರಿಯುತ್ತಿದ್ದ ನೀರಿನ ವೇಗವು ಒಮ್ಮೆಲೇ ನಿಲ್ಲಲಾರದೆ ಒತ್ತಡವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಹಾಗೆಯೇ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಟ್ರಾನ್ಸಿಸ್ಟರು ಒಮ್ಮೆಲೇ ತಡೆದಾಗ, ಸುರುಳಿಯ ತುದಿಯಲ್ಲಿ ವೋಲ್ಟು ಮೇಲಕ್ಕೆ ಚಿಮ್ಮುತ್ತದೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ಹೀಗಾಗುವುದು. ಒಂದೊಂದು ಚಿಮ್ಮಿಗೂ ಎಲ್.ಇ.ಡಿ. ಮಿನುಗುತ್ತದೆ, ನಮ್ಮ ಕಣ್ಣಿಗೆ ಅದು ಎಡೆಬಿಡದ ಬೆಳಕಾಗಿ ತೋರುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ಎಲ್.ಇ.ಡಿ.ಯೂ ಒಂದು ಡಯೋಡೇ ಆಗಿರುವುದರಿಂದ, ಈ ಮಂಡಲದ ಅತಿ ಸರಳವಾದ ರೂಪದಲ್ಲಿ ಬೇರೊಂದು ಡಯೋಡು ಬೇಕಾಗಿಯೇ ಇಲ್ಲ. ಚಿಮ್ಮುವ ಪ್ರವಾಹವನ್ನು ಒಂದು ಕೆಪಾಸಿಟರಿನಲ್ಲಿ ಕೂಡಿಟ್ಟು ಸಮನಾಗಿ ಎಲ್.ಇ.ಡಿ.ಗೆ ಕೊಡಬೇಕೆನ್ನುವಾಗ ಮಾತ್ರ, ಕೂಡಿಟ್ಟದ್ದು ಹಿಂದಕ್ಕೆ ಹರಿದುಹೋಗದಂತೆ ನಡುವೆ ಒಂದು ಡಯೋಡು ಅವಶ್ಯವಾಗುತ್ತದೆ. ನಮ್ಮ ಹುಡುಗಿಯ ದೀಪವು ಈ ಎರಡನೆಯ ಬಗೆಯದು.

ಹೊಳೆಯ ದಂಡೆಯಲ್ಲಿ ಪಂಪು ಇಟ್ಟವರಿಗೆ ಡಯೋಡನ್ನು ವಿವರಿಸುವುದು ಬಹಳ ಸುಲಭ. ನೀರೆಳೆಯುವ ಪೈಪಿನ ಬುಡದಲ್ಲಿ ಫುಟ್ ವಾಲ್ವು ಎಂಬುದು ಇರುತ್ತದೆಯಲ್ಲವೆ? ನೀರು ಮೇಲಕ್ಕೆ ಬರುವಾಗ ಅದರ ಮುಚ್ಚಳವು ಏಳುತ್ತದೆ. ಪಂಪು ನಿಂತಾಗ ಮುಚ್ಚಿಕೊಂಡು ಪೈಪಿನ ನೀರನ್ನು ಹಿಡಿದಿಡುತ್ತದೆ. ಡಯೋಡು ವಿದ್ಯುತ್ತಿನ ಫುಟ್ ವಾಲ್ವು. ಇನ್ನು ಫುಟ್ ವಾಲ್ವಿನ ದೋಷಗಳನ್ನು ನೆನೆಯಿರಿ. ಮುಚ್ಚಳವು ಭಾರವಾಗಿದ್ದರೆ ಅದನ್ನೆತ್ತುವುದರಲ್ಲಿಯೇ ಪಂಪಿನ ಶಕ್ತಿಯು ವ್ಯಯವಾಗುವುದು. ಮುಚ್ಚಿಕೊಳ್ಳುವುದು ತಡವಾದರೆ ಅಷ್ಟರೊಳಗೆ ನೀರು ಕೆಳಗಿಳಿದಿರುವುದು. ಸರಿಯಾಗಿ ಕೂರದಿದ್ದರೆ ರಾತ್ರಿಯೆಲ್ಲ ಸೋರಿ, ಬೆಳಿಗ್ಗೆ ಮತ್ತೆ ನೀರು ತುಂಬಿ ಪಂಪನ್ನು ಎಬ್ಬಿಸಬೇಕಾಗುವುದು. ಡಯೋಡಿನ ಗುಣದೋಷಗಳೂ ಇವೇ ಮೂರು. ಅಂಗಡಿಗೆ ಹೋಗುವವರು ಇವನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ನಾನು ಡಬ್ಬಿಯಿಂದ ತೆಗೆದುಕೊಟ್ಟ ಡಯೋಡು 1ಎನ್4007 ಎಂಬುದು. ಒಂದು ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಇದಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಡಯೋಡು ಬೇರೊಂದಿಲ್ಲವೆನ್ನಬಹುದು. ರಿಪೇರಿ ಮಾಡುವವರು ಇದನ್ನು ‘ನಾಲ್ಕು ಸಾವಿರದ ಏಳು’ ಎಂದು ಕರೆಯದೆ ‘ಫೋರ್ಟಿ ನಾಟ್ ಸೆವೆನ್’ ಎನ್ನುತ್ತಾರೆ. ಇದು 1 ಆಂಪಿಯರನ್ನು ಒಯ್ಯುತ್ತದೆ. ಹಿಮ್ಮುಖವಾಗಿ 1000 ವೋಲ್ಟನ್ನು ತಡೆಯುತ್ತದೆ. ಸಾವಿರ ವೋಲ್ಟನ್ನು ತಡೆಯುವುದು ಒಂದೂವರೆ ವೋಲ್ಟಿನ ದೀಪಕ್ಕೆ ಸಾಲದೇ ಹೋದೀತೇ ಎಂಬುದೇ ನನ್ನ ತರ್ಕವಾಗಿತ್ತು. ತಪ್ಪಿದ್ದು ಅಲ್ಲಿಯೇ. ಕೋಟೆಯ ಬಾಗಿಲು ಬಲವಾಗಿದೆಯೆಂದು ಅದನ್ನು ತಂದು ಕೋಳಿಗೂಡಿಗೆ ಹಚ್ಚಿದರೆ, ಕೋಳಿಯು ಅದನ್ನು ನೂಕಿಕೊಂಡು ಒಳಗೆ ಬರುವುದು ಹೇಗೆ?

ಮೊದಲನೆಯ ಡಯೋಡನ್ನು ನಾನು ಸೆಲ್ಲಿನ ದಾರಿಯಲ್ಲಿಯೇ ಇಡಿಸಿದ್ದೆನು. ಕತ್ತಲೆಯಲ್ಲಿ ಸೆಲ್ಲನ್ನು ತಿರುವುಮುರುವಾಗಿ ಹಾಕಿದರೆ ಟ್ರಾನ್ಸಿಸ್ಟರು ಕೆಡಬಾರದೆಂಬ ಸದುದ್ದೇಶವು ಅದಕ್ಕೆ ಕಾರಣ. ಆದರೆ 4007ರ ಮುಚ್ಚಳವನ್ನೆತ್ತಲು ಸುಮಾರು 0.7 ವೋಲ್ಟು ಬೇಕು. ಸೆಲ್ಲು ಹೊಸದಾಗಿದ್ದಾಗ ಒಂದೂವರೆಯಲ್ಲಿ 0.7 ಹೋಗಿ 0.8 ಉಳಿಯಿತು, ದೀಪವು ಹತ್ತಿತು. ಸೆಲ್ಲು 1.3ಕ್ಕೆ ಇಳಿದಾಗ ಉಳಿದದ್ದು 0.6 ಮಾತ್ರ. ಸಿಲಿಕಾನ್ ಟ್ರಾನ್ಸಿಸ್ಟರು ಎಚ್ಚರಗೊಳ್ಳುವುದಕ್ಕೇ ಅಷ್ಟು ಬೇಕಾಗಿರುವುದರಿಂದ ಮಂಡಲವು ನಿಂತುಹೋಯಿತು. ಬದುವಿನ ಮೇಲೆ ಫಕ್ಕನೆ ಆರಿದ್ದರ ರಹಸ್ಯವಿದು. ಕಾವಲಿಗೆಂದು ಇಟ್ಟವನೇ ಅರ್ಧ ಪಾಲು ಬೆಳೆಯನ್ನು ತಿಂದಂತಾಯಿತು.

ಈ ಜಾಗಕ್ಕೆ ಒಳ್ಳೆಯ ಡಯೋಡು ಯಾವುದು? ಯಾವುದೂ ಅಲ್ಲ. ಹಗುರವಾದ ಮುಚ್ಚಳದ ಡಯೋಡನ್ನು ಇಟ್ಟರೂ 0.3 ವೋಲ್ಟು ಹೋಗುವುದು. ಒಂದೂವರೆಯಲ್ಲಿ ಅದು ಐದನೆಯ ಒಂದು ಪಾಲು. ಸೆಲ್ಲನ್ನು ಹಾಕುವ ಗೂಡಿನಲ್ಲಿ ಧನಾಗ್ರದ ತಗಡಿನ ಎರಡು ಪಕ್ಕಕ್ಕೆ ಪ್ಲಾಸ್ಟಿಕ್ಕಿನ ಚಿಕ್ಕ ಏಣುಗಳನ್ನು ಅಂಟಿಸಿದರೆ, ಸೆಲ್ಲಿನ ಉಬ್ಬಿದ ತುದಿ ಮಾತ್ರ ತಗಡನ್ನು ಮುಟ್ಟುವುದು. ಚಪ್ಪಟೆಯಾದ ತುದಿಯು ಮುಟ್ಟಲಾರದು. ಇದಕ್ಕೆ ಖರ್ಚೇ ಇಲ್ಲ. ಹಳೆಯ ಪೆನ್ನಿನ ಮುಚ್ಚಳವನ್ನು ಸೀಳಿ ನಾವು ಹಾಗೆಯೇ ಮಾಡಿದೆವು.

ಎರಡನೆಯ ಡಯೋಡು ಸುರುಳಿಗೂ ಕೆಪಾಸಿಟರಿಗೂ ನಡುವೆ ಇತ್ತು. ಇದು ಬೇಕಾದದ್ದೇ, ಆದರೆ ಇಲ್ಲಿಯೂ 4007 ಸಲ್ಲದು. ಎರಡು ಕಾರಣಗಳನ್ನು ಹೇಳುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಲೆಕ್ಕವುಂಟು. ಎಲ್.ಇ.ಡಿ.ಗೆ ಬೇಕಾದುದು 3.2 ವೋಲ್ಟು ಎಂದಿಟ್ಟುಕೊಳ್ಳಿರಿ. ಡಯೋಡಿನಲ್ಲಿ 0.7 ಹೋಗುವುದಾದರೆ ಮಂಡಲವು ಒಟ್ಟು 3.9 ವೋಲ್ಟನ್ನು ಹುಟ್ಟಿಸಬೇಕು. ಈ 3.9ರಲ್ಲಿ 0.7 ಎಂದರೆ ನೂರಕ್ಕೆ ಸುಮಾರು 18ರಷ್ಟು ಬೆಳಕಾಗದೆ ಡಯೋಡಿನಲ್ಲಿ ಬಿಸಿಯಾಗಿ ಹೋಗುವುದು. ಡಯೋಡು 0.3ನ್ನು ಮಾತ್ರ ತೆಗೆದುಕೊಳ್ಳುವುದಾದರೆ 3.5ರಲ್ಲಿ 0.3, ಅಂದರೆ ನೂರಕ್ಕೆ ಸುಮಾರು 9. ಹತ್ತು ಸೆಲ್ಲು ಕೊಳ್ಳುವವರಿಗೆ ಹೆಚ್ಚುಕಡಿಮೆ ಒಂದು ಸೆಲ್ಲು ಇಲ್ಲಿಯೇ ಉಳಿಯಿತು.

ಎರಡನೆಯ ಕಾರಣವು ವೇಗ. 4007 ಹುಟ್ಟಿದ್ದು ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿಗಾಗಿ. ಅದು ಸೆಕೆಂಡಿಗೆ 50 ಸಲ ಮಾತ್ರ ಹಿಂದುಮುಂದಾಗುವುದರಿಂದ, ಒಂದು ಆವರ್ತಕ್ಕೆ 20,000 ಮೈಕ್ರೋಸೆಕೆಂಡುಗಳ ಅವಕಾಶವಿರುತ್ತದೆ. ನಮ್ಮ ಚಿಕ್ಕ ಮಂಡಲವು ಸೆಕೆಂಡಿಗೆ 50,000 ಸಲ ಮಿಡಿಯುತ್ತದೆಂದರೆ ಒಂದು ಆವರ್ತಕ್ಕೆ ದೊರೆಯುವುದು 20 ಮೈಕ್ರೋಸೆಕೆಂಡು ಮಾತ್ರ. 4007 ಮುಚ್ಚಿಕೊಳ್ಳುವುದಕ್ಕೆ ಒಂದೆರಡು ಮೈಕ್ರೋಸೆಕೆಂಡು ಬೇಕು. ಕೆಲವು ತಯಾರಕರ ಮಾಲಿನಲ್ಲಿ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಟ್ರಾನ್ಸಿಸ್ಟರು ಆಗಲೇ ತೆರೆದುಕೊಂಡಿರುವುದರಿಂದ, ಕಷ್ಟಪಟ್ಟು ಕೂಡಿಟ್ಟ ವಿದ್ಯುತ್ತು ಡಯೋಡಿನ ಮೂಲಕ ಹಿಂದಕ್ಕೆ ಬಂದು ಟ್ರಾನ್ಸಿಸ್ಟರಿನಲ್ಲಿ ಹರಿದು ಹಾಳಾಗುವುದು. ಒಂದು ಕೊಡ ಸೇದಿ ಅರ್ಧ ಚೆಂಬು ಬಾವಿಗೇ ಸುರಿದಂತೆ, ಸೆಕೆಂಡಿಗೆ ಐವತ್ತು ಸಾವಿರ ಸಲ!

ಹಾಗಾದರೆ ಯಾವುದನ್ನು ಕೊಳ್ಳಬೇಕು? ಷಾಟ್ಕಿ ಡಯೋಡು ಎಂಬ ಒಂದು ಜಾತಿಯುಂಟು. ಸಾಮಾನ್ಯ ಡಯೋಡಿನಲ್ಲಿ ಎರಡು ಬಗೆಯ ಸಿಲಿಕಾನಿನ ಸಂಧಿಯಿದ್ದರೆ, ಇದರಲ್ಲಿ ಸಿಲಿಕಾನಿಗೂ ಲೋಹಕ್ಕೂ ಸಂಧಿ. ಇದು ಹೊಸ ಮಾತೇನೂ ಅಲ್ಲ. ಲೋಹದ ಮೊನೆಯನ್ನು ಗೆಲೀನಾ ಎಂಬ ಸೀಸದ ಅದಿರಿಗೆ ತಾಗಿಸಿದಾಗ ವಿದ್ಯುತ್ತು ಒಂದೇ ದಿಕ್ಕಿಗೆ ಸುಲಭವಾಗಿ ಹರಿಯುವುದನ್ನು ಜರ್ಮನಿಯ ಬ್ರೌನ್ ಎಂಬವರು 1874ರಲ್ಲಿಯೇ ಕಂಡಿದ್ದರು. ನಮ್ಮ ಜಗದೀಶಚಂದ್ರ ಬೋಸರು ಗೆಲೀನಾದಿಂದ ಮಾಡಿದ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಅಂತಹ ಸಂಧಿಯ ತತ್ತ್ವವನ್ನು 1938ರಲ್ಲಿ ವಿವರಿಸಿದ ವಾಲ್ಟರ್ ಷಾಟ್ಕಿಯವರ ಹೆಸರೇ ಈ ಡಯೋಡಿಗೆ ನಿಂತಿದೆ. ಅದಿರು ಎಂದರೆ ಕಬ್ಬಿಣದ್ದು ಅಥವಾ ಮ್ಯಾಂಗನೀಸಿನದು ಎಂದೇ ತಿಳಿದ ನಮ್ಮ ಸಂಡೂರಿನ ಮಕ್ಕಳಿಗೆ, ಅದಿರಿನ ಚೂರೊಂದು ರೇಡಿಯೋವನ್ನು ಹಾಡಿಸುತ್ತಿತ್ತೆಂದು ಹೇಳಿದಾಗ ಆಗುವ ಆಶ್ಚರ್ಯವನ್ನು ನೋಡುವುದೇ ಒಂದು ಸಂತೋಷ.

ಷಾಟ್ಕಿ ಡಯೋಡಿನ ಮುಚ್ಚಳವು ಹಗುರ, ಮುಚ್ಚಿಕೊಳ್ಳುವುದೂ ತಟ್ಟನೆ. ಅಂಗಡಿಯಲ್ಲಿ 1ಎನ್5817, 1ಎನ್5818, 1ಎನ್5819 ಎಂದು ಕೇಳಿರಿ. ಮೂರೂ 1 ಆಂಪಿಯರಿನವು. ಕ್ರಮವಾಗಿ 20, 30, 40 ವೋಲ್ಟನ್ನು ತಡೆಯುವವು. ಮೂರರಲ್ಲಿ 5817 ಅತ್ಯಂತ ಹಗುರವಾದದ್ದು. ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಸುಲಭವಾಗಿ ದೊರೆತದ್ದು 5819. ನೂರು ಮಿಲಿಆಂಪಿಯರಿನಷ್ಟು ಹರಿಯುವಾಗ ಇದು ಸುಮಾರು 0.3 ವೋಲ್ಟನ್ನು ತೆಗೆದುಕೊಳ್ಳುತ್ತದೆ. ಬಿಡಿಯಾಗಿ ಕೊಂಡರೂ ಬೆಲೆಯು ಎರಡು ಮೂರು ರೂಪಾಯಿಗಳೊಳಗೆ ಮುಗಿಯುತ್ತದೆ. ಬೆಂಗಳೂರಿಗೆ ಹೋಗುವವರು ಎಸ್.ಪಿ. ರಸ್ತೆಯಿಂದ ಒಂದು ಪೊಟ್ಟಣವನ್ನು ತಂದರೆ ಇಡೀ ತರಗತಿಗೆ ಆಗುತ್ತದೆ. ಎಸ್.ಎಸ್.14 ಎಂಬುದು ಇದೇ ಗುಣದ, ಕಾಲಿಲ್ಲದ ಚಪ್ಪಟೆ ರೂಪ. ಬೆಸುಗೆಯ ಕೈ ಪಳಗದ ಮಕ್ಕಳಿಗೆ ಅದು ಬೇಡ.

ಉಳಿದವುಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕಿತ್ತಳೆ ಬಣ್ಣದ ಗಾಜಿನ ಮಣಿಯಂತಿರುವ 1ಎನ್4148 ಬಹಳ ಚುರುಕಾದದ್ದು, ಅಗ್ಗವೂ ಹೌದು. 20 ಮಿಲಿಆಂಪಿಯರಿನ ದೀಪಕ್ಕೆ 4007ಕ್ಕಿಂತ ಮೇಲು. ಆದರೆ ಮುಚ್ಚಳವು ಭಾರವೇ. 100 ಮಿಲಿಆಂಪಿಯರಿನಲ್ಲಿ 1 ವೋಲ್ಟಿನ ಹತ್ತಿರಕ್ಕೆ ಹೋಗುತ್ತದೆ. ಎಫ್.ಆರ್.107, ಯು.ಎಫ್.4007 ಎಂಬವು ಬೇಗನೆ ಮುಚ್ಚಿಕೊಳ್ಳುವವು, ಆದರೆ ಭಾರದಲ್ಲಿ 4007ರ ಅಣ್ಣಂದಿರು. ಹಳೆಯ ರೇಡಿಯೋಗಳಲ್ಲಿ ಸಿಗುವ ಜರ್ಮೇನಿಯಂ ಡಯೋಡುಗಳು ಹಗುರವೆಂದು ಕೆಲವರು ಹುಡುಕಿಕೊಂಡು ಹೋಗುತ್ತಾರೆ. ಅವು ಬಲು ಸಣ್ಣ ಪ್ರವಾಹಕ್ಕೆ ಹುಟ್ಟಿದವು. ಅಜ್ಜನ ಕೈಯಲ್ಲಿ ಕೊಡ ಹೊರಿಸಬಾರದು.

ಎಷ್ಟು ಆಂಪಿಯರಿನ ಡಯೋಡು ಬೇಕೆಂಬುದಕ್ಕೆ ಒಂದು ಸುಲಭ ಸೂತ್ರವುಂಟು. ಇಂತಹ ಮಂಡಲದಲ್ಲಿ ಡಯೋಡಿನ ಸರಾಸರಿ ಪ್ರವಾಹವು ಎಲ್.ಇ.ಡಿ.ಯ ಪ್ರವಾಹಕ್ಕೆ ಸಮ. ಶಿಖರದ ಪ್ರವಾಹವು ಮಾತ್ರ ಹೆಚ್ಚು. ಎಲ್.ಇ.ಡಿ.ಗೆ 20 ಮಿಲಿಆಂಪಿಯರು, ಸೆಲ್ಲಿನಲ್ಲಿ 1.2 ವೋಲ್ಟು ಉಳಿದಿದೆ, ಹುಟ್ಟಿಸಬೇಕಾದುದು 3.5 ಎಂದರೆ, ಇತರ ನಷ್ಟಗಳನ್ನು ಬಿಟ್ಟು, ಸೆಲ್ಲಿನಿಂದ ಸರಾಸರಿ 58 ಮಿಲಿಆಂಪಿಯರನ್ನು ಎಳೆಯಬೇಕು. ಸುರುಳಿಯ ಪ್ರವಾಹವು ಸೊನ್ನೆಯಿಂದ ಏರಿ ಸೊನ್ನೆಗೆ ಇಳಿಯುವುದರಿಂದ ಶಿಖರವು ಅದರ ಇಮ್ಮಡಿ, ಅಂದರೆ 117ರಷ್ಟು. 1 ಆಂಪಿಯರಿನ 5819ಕ್ಕೆ ಇದು ಆಟದ ಕೆಲಸ. (ಟ್ರಾನ್ಸಿಸ್ಟರಿನ ವಿಷಯದಲ್ಲಿ ಎಚ್ಚರವಿರಲಿ, ಬಿ.ಸಿ.547ಕ್ಕೆ ಇದು ತುಸು ಹೆಚ್ಚೇ, ಬಿ.ಸಿ.337 ಲೇಸು.) ಒಂದು ವ್ಯಾಟಿನ ಎಲ್.ಇ.ಡಿ.ಯನ್ನು 350 ಮಿಲಿಆಂಪಿಯರಿನಲ್ಲಿ ಉರಿಸುವವರು 3 ಆಂಪಿಯರಿನ 1ಎನ್5822ನ್ನು ಹಾಕಲಿ. ಆದರೆ ಅಷ್ಟು ಪ್ರವಾಹವನ್ನು ಒಂದೇ ಸಾಧಾರಣ ಸೆಲ್ಲಿನಿಂದ ಎಳೆಯುವೆನೆಂಬುದು ಒಂಟಿ ಎತ್ತಿಗೆ ಜೋಡೆತ್ತಿನ ಬಂಡಿಯನ್ನು ಕಟ್ಟಿದಂತೆ.

ತಡೆಯಬೇಕಾದ ವೋಲ್ಟು ಎಷ್ಟು? ದೀಪವು ಸರಿಯಾಗಿ ಉರಿಯುತ್ತಿರುವಾಗ ಡಯೋಡಿನ ಮೇಲೆ ಹಿಮ್ಮುಖವಾಗಿ ಬೀಳುವುದು ಕೆಪಾಸಿಟರಿನ ಮೂರು ಚಿಲ್ಲರೆ ವೋಲ್ಟು ಮಾತ್ರ. 20 ವೋಲ್ಟಿನದೇ ಬೇಕಾದಷ್ಟಾಯಿತು. ಆದರೆ ಎಲ್.ಇ.ಡಿ.ಯ ಬೆಸುಗೆಯು ಬಿಟ್ಟುಹೋದರೆ, ಚಿಮ್ಮಿದ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲದೆ ಕೆಪಾಸಿಟರಿನಲ್ಲಿ ವೋಲ್ಟು ಏರುತ್ತಲೇ ಹೋಗಿ ಕೊನೆಗೆ ಯಾವುದಾದರೊಂದನ್ನು ಕೆಡಿಸುವುದು. ಇದಕ್ಕೆ ಕೆಪಾಸಿಟರಿನ ಅಡ್ಡಲಾಗಿ 5.1 ವೋಲ್ಟಿನ ಒಂದು ಜೀನರ್ ಡಯೋಡನ್ನು ಇಡುವುದು ಒಳ್ಳೆಯದು.

ಷಾಟ್ಕಿಯಲ್ಲಿಯೂ ಒಂದು ಕುಂದುಂಟು: ಅದು ಸೋರುತ್ತದೆ, ಬಿಸಿಲೇರಿದಷ್ಟೂ ಹೆಚ್ಚು ಸೋರುತ್ತದೆ. 5819ರ ಸೋರಿಕೆಯು 40 ವೋಲ್ಟಿನಲ್ಲಿ, 25 ಡಿಗ್ರಿಯ ಉಷ್ಣತೆಯಲ್ಲಿ 1 ಮಿಲಿಆಂಪಿಯರಿನವರೆಗೂ, 100 ಡಿಗ್ರಿಯಲ್ಲಿ 10 ಮಿಲಿಆಂಪಿಯರಿನವರೆಗೂ ಇರಬಹುದೆಂದು ತಯಾರಕರ ಪಟ್ಟಿಯಲ್ಲಿದೆ. ನಮ್ಮ ಹೊಸಪೇಟೆಯ ಬೇಸಿಗೆಯನ್ನು ಬಲ್ಲವರಿಗೆ ಈ ಮಾತಿನಿಂದ ಚಿಂತೆಯಾಗಬಹುದು. ಆದರೆ ನಮ್ಮ ದೀಪದಲ್ಲಿ ಡಯೋಡಿನ ಮೇಲೆ ಬೀಳುವುದು ಮೂರೂವರೆ ವೋಲ್ಟು ಮಾತ್ರವಾದುದರಿಂದ, ಏಪ್ರಿಲಿನ 40 ಡಿಗ್ರಿಯಲ್ಲಿಯೂ ಸೋರಿಕೆಯು ಲೆಕ್ಕಕ್ಕೆ ಬರುವುದಿಲ್ಲ. ಬಿಸಿಲಿನಿಂದ ತುಂಬುವ ಸೌರದೀಪಗಳಲ್ಲಿ, ಫಲಕಕ್ಕೂ ಬ್ಯಾಟರಿಗೂ ನಡುವೆ ಡಯೋಡನ್ನು ಇಡುವವರು ಮಾತ್ರ ಬೇಕಾದುದಕ್ಕಿಂತ ದೊಡ್ಡದಾದ ಷಾಟ್ಕಿಯನ್ನು ಹಾಕಬಾರದು. ದೊಡ್ಡದಾದಷ್ಟೂ ಸೋರಿಕೆಯು ಹೆಚ್ಚು.

ಹಣವನ್ನು ಕೊಡದೆಯೂ ಷಾಟ್ಕಿ ಡಯೋಡು ದೊರೆಯುವ ಒಂದು ಸ್ಥಳವುಂಟು. ಅದು ನಿಮ್ಮ ಮನೆಯ ಕೆಟ್ಟ ಮೊಬೈಲ್ ಚಾರ್ಜರು. ಹಳೆಯ ಚಾರ್ಜರುಗಳಲ್ಲಿ ಐದು ವೋಲ್ಟು ಹೊರಡುವ ಪಕ್ಕದಲ್ಲಿ, ತಂತಿ ಅಥವಾ ಯು.ಎಸ್.ಬಿ. ತೂತಿನ ಹತ್ತಿರ, ಒಂದು ದಪ್ಪನೆಯ ಕಪ್ಪು ಡಯೋಡು ಇರುವುದುಂಟು. ಮೈಮೇಲೆ 58ರಿಂದ ಮೊದಲಾಗುವ ಸಂಖ್ಯೆಯೋ, ಎಸ್.ಬಿ., ಎಸ್.ಆರ್. ಎಂಬ ಇಂಗ್ಲಿಷ್ ಅಕ್ಷರಗಳೋ ಇದ್ದರೆ ಅದು ಹೆಚ್ಚಾಗಿ ಷಾಟ್ಕಿಯೇ. ಗೋಡೆಯ ಕಡೆಯ ಪಕ್ಕದಲ್ಲಿರುವವು ನಮ್ಮ ಹಳೆಯ ಪರಿಚಯದ 4007ಗಳು, ಅವನ್ನು ಬಿಟ್ಟುಬಿಡಿರಿ. ತಾಯಂದಿರು ಇಲ್ಲಿ ಒಂದು ಮಾತನ್ನು ಕಟ್ಟುನಿಟ್ಟಾಗಿ ನಡೆಯಿಸಬೇಕು. ಗೋಡೆಯ ಕಡೆಯ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ನಿಂತಿರಬಹುದು. ಕಿತ್ತಿಟ್ಟ ಮೇಲೆಯೂ ಅದು ಕೆಲಕಾಲ ಉಳಿಯಬಹುದು. ಚಾರ್ಜರನ್ನು ಕಿತ್ತು ಒಂದು ದಿನ ಬಿಟ್ಟು, ಮೀಟರಿನಿಂದ ಅಳೆದು, ಸೊನ್ನೆಯೆಂದು ಕಂಡ ಮೇಲೆಯೇ, ಅದೂ ದೊಡ್ಡವರೊಬ್ಬರು ಪಕ್ಕದಲ್ಲಿದ್ದುಕೊಂಡು, ಮಕ್ಕಳಿಂದ ಮುಟ್ಟಿಸತಕ್ಕದ್ದು. ಕೆಟ್ಟ ಸಿ.ಎಫ್.ಎಲ್. ಬಲ್ಬಿನ ಬುಡದಲ್ಲಿ ಫೆರೈಟ್ ಉಂಗುರವೂ ಸಿಗುತ್ತದೆ. ಆದರೆ ಅದರ ಗಾಜಿನೊಳಗೆ ಪಾದರಸವಿರುವುದರಿಂದ ಗಾಜು ಒಡೆಯುವ ಸಂಭವವಿದ್ದರೆ ಆ ಆಶೆಯನ್ನು ಬಿಡುವುದೇ ಸರಿ.

ಕೊಂಡದ್ದು ನಿಜವಾಗಿಯೂ ಷಾಟ್ಕಿಯೇ ಎಂದು ತಿಳಿಯುವುದು ಹೇಗೆ? 4007, 5819 ಇವೆರಡೂ ಕಪ್ಪು ಮೈ, ಬೆಳ್ಳಿಯ ಪಟ್ಟೆಯ ಅವಳಿ ಜವಳಿಗಳು. ಅಕ್ಷರಗಳು ಕನ್ನಡಕಕ್ಕೂ ಕಾಣದಷ್ಟು ಸಣ್ಣವು. ಒಂದು ಸಲ ಅಂಗಡಿಯೊಂದರಲ್ಲಿ 5819 ಎಂದು ಹೇಳಿ ಕೊಟ್ಟ ಪೊಟ್ಟಣದಲ್ಲಿ ಎರಡೂ ಬೆರೆತಿದ್ದುವು. ಮಲ್ಟಿಮೀಟರಿನಲ್ಲಿ ಡಯೋಡಿನ ಗುರುತಿಗೆ ಮುಳ್ಳನ್ನು ತಿರುಗಿಸಿ, ಕೆಂಪು ತಂತಿಯನ್ನು ಪಟ್ಟೆಯಿಲ್ಲದ ಕಾಲಿಗೂ ಕಪ್ಪನ್ನು ಪಟ್ಟೆಯಿರುವ ಕಾಲಿಗೂ ತಾಗಿಸಿರಿ. 0.15ರಿಂದ 0.25ರೊಳಗೆ ತೋರಿಸಿದರೆ ಷಾಟ್ಕಿ, 0.5ಕ್ಕೆ ಮೇಲ್ಪಟ್ಟರೆ ಸಾಮಾನ್ಯ ಸಿಲಿಕಾನು. ತಂತಿಗಳನ್ನು ಅದಲುಬದಲಾಗಿಸಿದಾಗ ಯಾವ ಅಂಕಿಯೂ ಬರಕೂಡದು. ನಮಗೆ ಒಳ್ಳೆಯ ಮೀಟರಿರಲಿಲ್ಲ. ಸಂಡೂರಿನ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ಪೋಷಕರೊಬ್ಬರು ತಮ್ಮದನ್ನು ಒಂದು ವಾರ ಕೊಟ್ಟಿದ್ದರು. ಹಿಂತಿರುಗಿಸುವಾಗ ನಮ್ಮ ಪೊಟ್ಟಣವು ಎರಡು ಡಬ್ಬಿಗಳಾಗಿ ಬೇರ್ಪಟ್ಟಿತ್ತು.

ಹೊಸ ಡಯೋಡನ್ನು ಹಾಕಿದ ದೀಪವನ್ನೂ, ಹಳೆಯ ರೀತಿಯ ಇನ್ನೊಂದನ್ನೂ ಮಕ್ಕಳು ಹಂಪಿಯ ಪ್ರವಾಸಕ್ಕೆ ಒಯ್ದರು. ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ದೇವಾಲಯವನ್ನು ನೀವು ನೋಡಿರಬಹುದು. ಒಳಗೆ ಹೋದಷ್ಟೂ ಕತ್ತಲೆ, ನೆಲದಲ್ಲಿ ನೀರು ನಿಂತಿರುವುದೂ ಉಂಟು. ಅಲ್ಲಿ ಎರಡು ದೀಪಗಳನ್ನೂ ಕಂಬಗಳ ಮೇಲೆ ಹಾಯಿಸಿ, ಯಾವುದರ ಬೆಳಕು ಹೆಚ್ಚೆಂದು ಕೇಳಿದೆನು. ಅರ್ಧ ಮಂದಿ ಒಂದನ್ನು ತೋರಿಸಿದರು, ಅರ್ಧ ಮಂದಿ ಇನ್ನೊಂದನ್ನು. ನನಗೂ ಭೇದವು ಕಾಣಲಿಲ್ಲ. ಬೆಳಕಿನ ಚಿಕ್ಕ ವ್ಯತ್ಯಾಸವನ್ನು ಅಳೆಯುವುದರಲ್ಲಿ ನಮ್ಮ ಕಣ್ಣು ಬಹು ಮಂದ. ಆದುದರಿಂದ ಡಯೋಡನ್ನು ಬೆಳಕು ನೋಡಿ ಆರಿಸುವುದಾಗದು. ಎಲ್.ಇ.ಡಿ.ಯ ಸಾಲಿನಲ್ಲಿ 10 ಓಮಿನ ರೆಸಿಸ್ಟರೊಂದನ್ನು ಇಟ್ಟು ಅದರ ಎರಡು ತುದಿಗಳಲ್ಲಿ 0.2 ವೋಲ್ಟು ಬರುವಂತೆ ಮಾಡಿಕೊಂಡರೆ ಪ್ರವಾಹವು 20 ಮಿಲಿಆಂಪಿಯರಾಯಿತು. ಎರಡು ದೀಪಗಳಿಗೂ ಹೀಗೆಯೇ ಮಾಡಿ, ಸೆಲ್ಲಿನಿಂದ ಯಾವುದು ಕಡಿಮೆ ಎಳೆಯುವುದೆಂದು ನೋಡತಕ್ಕದ್ದು. ಮೀಟರಿಲ್ಲದ ಮನೆಯವರು ಒಂದೇ ದಿನ ಕೊಂಡ, ಒಂದೇ ಜಾತಿಯ ಎರಡು ಸೆಲ್ಲುಗಳನ್ನು ಹಾಕಿ ರಾತ್ರಿಯೆಲ್ಲ ಉರಿಯಬಿಡಲಿ.

ನಮ್ಮ ವಸತಿಗೃಹದ ಮಕ್ಕಳು ಈ ಎರಡನೆಯ ಪರೀಕ್ಷೆಯನ್ನೂ ಮಾಡಿದರು. ಊಟದ ಕೋಣೆಯ ಕಿಟಕಿಯಲ್ಲಿ ಎರಡು ದೀಪಗಳನ್ನೂ ಇಟ್ಟು, ಪಾಳಿಯ ಮೇಲೆ ಎದ್ದು ನೋಡಿ ಬರೆದಿಟ್ಟರು. (ಮೇಲ್ವಿಚಾರಕಿಯವರಿಗೆ ಇದರಿಂದಾದ ತೊಂದರೆಗೆ ನಾನೇ ಹೊಣೆ.) ಎರಡು 4007ಗಳಿದ್ದ ದೀಪವು ಮೊದಲು ನಂದಿತು, ಪೆನ್ನಿನ ಮುಚ್ಚಳದ ಏಣು, ಒಂದೇ ಒಂದು 5819 ಇದ್ದ ದೀಪವು ಅದಾದ ಮೇಲೆಯೂ ಉರಿಯುತ್ತಿತ್ತು, ನಂದುವಾಗಲೂ ಫಕ್ಕನೆ ಆರದೆ, ಸ್ವಲ್ಪಸ್ವಲ್ಪವಾಗಿ ಮಂಕಾಗುತ್ತ ಬಂದಿತು. ಮನೆಗೆ ಹಿಂದಿರುಗಲು ಸಮಯವಾಯಿತೆಂದು ಹೇಳುವ ದೀಪವೇ ಬದುವಿನ ಮೇಲೆ ನಡೆಯುವವರಿಗೆ ಬೇಕಾದದ್ದು ಎಂದು ಹುಡುಗಿಯು ತನ್ನ ಟಿಪ್ಪಣಿಪುಸ್ತಕದಲ್ಲಿ ಬರೆದಿದ್ದಾಳೆ. ಅದನ್ನು ನಾನು ಹೇಳಿಕೊಟ್ಟದ್ದಲ್ಲ.

ದಸರೆಯ ರಜೆಗೆ ಹೋಗುವಾಗ ಅವಳು ಆ ದೀಪವನ್ನು ತಂದೆಗೆ ಒಯ್ದಳು. ಜೊತೆಗೆ ಪಕ್ಕದ ಗದ್ದೆಯವರಿಗೆಂದು ಇನ್ನೂ ಎರಡನ್ನು ಮಾಡಿಕೊಂಡಿದ್ದಳು. ಡಬ್ಬಿಯಲ್ಲಿ ಉಳಿದ 4007ಗಳನ್ನು ನಾವು ಎಸೆಯಲಿಲ್ಲ. ಶಾಲೆಯ ಗಂಟೆಯ ಎಲಿಮಿನೇಟರಿನಲ್ಲಿ, ಸೆಕೆಂಡಿಗೆ 50 ಸಲ ಮಿಡಿಯುವ ತಮ್ಮ ಸ್ವಂತ ಮನೆಯಲ್ಲಿ, ನಾಲ್ಕು 4007ಗಳು ಈಗ ಯಾವ ದೂರೂ ಇಲ್ಲದೆ ಕೆಲಸ ಮಾಡುತ್ತಿವೆ.